ವೀಸಾ ಅರ್ಜಿಯ ಕಾಲಂಗಳು ಎಲ್ಲಿಂದ ಬಂದವು?

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಹೋದ ಹುಡುಗಿಯೊಬ್ಬಳು 2022ರ ನವೆಂಬರ್ ಕೊನೆಯಲ್ಲಿ ತನ್ನ ತಾಯಿಯನ್ನು ಕರೆದುಕೊಂಡು ದುಬಾಯಿಗೆ ಹೊರಟಿದ್ದಳು. ಅಣ್ಣ ಅಲ್ಲಿ ಕೆಲಸದಲ್ಲಿದ್ದಾನೆ. ಹದಿನೈದು ದಿನ ಇದ್ದು ಊರು ನೋಡಿಕೊಂಡು ಬರುವ ಏರ್ಪಾಡು. ವಿಸಿಟ್ ವೀಸಾ ಬಂದಿತ್ತು, ಟಿಕೆಟ್ ಆಗಿತ್ತು, ಮಗನಿಗೆಂದು ಹಲಸಿನ ಹಪ್ಪಳದ ಕಟ್ಟು ಪೆಟ್ಟಿಗೆ ಸೇರಿತ್ತು. ಆದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ತಾಯಿಯನ್ನು ತಡೆದರು. ಅವರ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಒಂದೇ ಹೆಸರು. ಉಪನಾಮದ ಜಾಗ ಖಾಲಿ. ಅದೇ ತಿಂಗಳು ಯುಎಇ ಹೊಸ ನಿಯಮ ತಂದಿತ್ತು: ಪ್ರವಾಸಿ ವೀಸಾದವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಪ್ರವೇಶ ಇಲ್ಲ. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಎಂಬ ಸಡಿಲಿಕೆ ಆಮೇಲೆ ಬಂತು. ಆದರೆ ಅಷ್ಟರಲ್ಲಿ ಇವರ ವಿಮಾನ ಹೋಗಿಯಾಗಿತ್ತು, ಟಿಕೆಟಿನ ಹಣವೂ ಹೋಗಿತ್ತು.

ಕೆಲವು ದಿನ ಕಳೆದ ಮೇಲೆ ಆ ಹುಡುಗಿ ಶಾಲೆಗೆ ಬಂದು ಒಂದು ಪ್ರಶ್ನೆ ಕೇಳಿದಳು: "ಮಾಷ್ಟ್ರೇ, ನನ್ನ ಅಮ್ಮನಿಗೆ ಹೆಸರು ಒಂದೇ ಆದರೆ ಅದರಿಂದ ಯಾರಿಗೆ ಏನು ತೊಂದರೆ?" ನಮ್ಮಲ್ಲಿ ಕೂಡಲೇ ಕೊಡಬಹುದಾದ ಉತ್ತರ ಇರಲಿಲ್ಲ. ಚರಿತ್ರೆ ಕಲಿಸುವವರು ನಾವು. ಆದರೆ ಗಡಿ ದಾಟುವ ಕಾಗದದ ಚರಿತ್ರೆಯನ್ನು ನಮ್ಮ ಪಾಠಪುಸ್ತಕಗಳಲ್ಲಿ ಓದಿದ ನೆನಪಿಲ್ಲ. ಮನೆಗೊಬ್ಬರಂತೆ ಗಲ್ಫಿಗೆ ಹೋಗುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಇದು ಪಾಣಿಪತ್ ಯುದ್ಧಕ್ಕಿಂತ ಹತ್ತಿರದ ಚರಿತ್ರೆ. ಹಾಗಾಗಿ ವೀಸಾ ಅರ್ಜಿಯೊಂದನ್ನು ಎದುರಿಗಿಟ್ಟುಕೊಂಡು, ಅದರ ಒಂದೊಂದು ಕಾಲಂ ಎಲ್ಲಿಂದ ಬಂತು ಎಂದು ನೋಡುತ್ತಾ ಹೋದೆವು. ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ರಹದಾರಿ ಹಳೆಯದು, ವೀಸಾ ಹೊಸದು

ದಾರಿಯಲ್ಲಿ ಹೋಗುವವನ ಕೈಯಲ್ಲಿ ಅಪ್ಪಣೆಯ ಚೀಟಿ ಇರಬೇಕೆಂಬುದು ಹಳೆಯ ವಿಷಯವೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಮುದ್ರಾಧ್ಯಕ್ಷ' ಎಂಬ ಅಧಿಕಾರಿಯ ಮಾತು ಬರುತ್ತದೆ. ಒಂದು ಮಾಷಕ ಪಡೆದು ಮುದ್ರೆಯ ಚೀಟಿ ಕೊಡುವುದು ಅವನ ಕೆಲಸ. ಚೀಟಿ ಇಲ್ಲದೆ ಸಿಕ್ಕಿಬಿದ್ದ ದೇಶವಾಸಿಗೆ ಹನ್ನೆರಡು ಪಣ ದಂಡ, ಹೊರಗಿನವನಿಗೆ ಅದಕ್ಕಿಂತ ಬಹಳ ಹೆಚ್ಚು. ಕನ್ನಡದಲ್ಲಿ ಪಾಸ್‌ಪೋರ್ಟಿಗೆ ಹೇಳುವ 'ರಹದಾರಿ' ಎಂಬ ಮಾತು ಪಾರಸಿಯಿಂದ ಬಂದದ್ದು. 'ರಾಹ್' ಎಂದರೆ ದಾರಿ.

ನಮ್ಮ ಕಡಲಿನಲ್ಲೂ ರಹದಾರಿ ಇತ್ತು. 16ನೇ ಶತಮಾನದ ಆರಂಭದಿಂದ ಪೋರ್ಚುಗೀಸರು ಅರಬ್ಬೀ ಸಮುದ್ರದಲ್ಲಿ ಓಡುವ ಹಡಗುಗಳೆಲ್ಲ ತಮ್ಮಿಂದ 'ಕಾರ್ತಾಜ್' ಎಂಬ ಪತ್ರ ಪಡೆಯಬೇಕೆಂದು ಕಟ್ಟಳೆ ಮಾಡಿದರು. ಪತ್ರವಿಲ್ಲದ ಹಡಗನ್ನು ಹಿಡಿದು ಸರಕು ಕಿತ್ತುಕೊಳ್ಳುತ್ತಿದ್ದರು. ಮೊಗಲರ ಕಾಲದಲ್ಲಿ ಹಜ್ ಯಾತ್ರಿಕರನ್ನು ಒಯ್ಯುವ ಹಡಗುಗಳಿಗೂ ಅದು ಬೇಕಿತ್ತು. ತಲೆತಲಾಂತರದಿಂದ ಎಲ್ಲರೂ ಓಡಾಡುತ್ತಿದ್ದ ಕಡಲಿಗೆ ಹೊರಗಿನಿಂದ ಬಂದವರೇ ಬಾಗಿಲು ಹಾಕಿ ಕೀಲಿಕೈ ಇಟ್ಟುಕೊಂಡ ಹಾಗಾಯಿತು.

ಆದರೆ ಈ ಹಳೆಯ ಚೀಟಿಗಳಿಗೂ ಇಂದಿನ ವೀಸಾಕ್ಕೂ ದೊಡ್ಡ ವ್ಯತ್ಯಾಸವಿದೆ. ಪ್ರಪಂಚದ ಎಲ್ಲ ಜನರೂ, ಎಲ್ಲ ಗಡಿಗಳಲ್ಲೂ, ಎಲ್ಲ ಕಾಲದಲ್ಲೂ ಒಂದೇ ನಮೂನೆಯ ಪುಸ್ತಕ ತೋರಿಸಬೇಕು ಎಂಬ ಪದ್ಧತಿಗೆ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ವಯಸ್ಸು, ಅಷ್ಟೆ. 1914ಕ್ಕೆ ಮೊದಲು ಯುರೋಪಿನ ಹೆಚ್ಚಿನ ದೇಶಗಳಲ್ಲಿ ಪ್ರವಾಸಿಗಳು ಪಾಸ್‌ಪೋರ್ಟ್ ಇಲ್ಲದೆಯೇ ತಿರುಗಾಡುತ್ತಿದ್ದರು. ರಷ್ಯಾ, ತುರ್ಕಿ ಸಾಮ್ರಾಜ್ಯಗಳಂಥವು ಮಾತ್ರ ಕೇಳುತ್ತಿದ್ದವು.

ಇದಕ್ಕೆ ನಮಗೆಲ್ಲ ಗೊತ್ತಿರುವ ಉದಾಹರಣೆಯೇ ಇದೆ. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಿಂದ ಹೊರಟು, ಜಪಾನಿನ ಯೊಕೊಹಾಮಾ ಮಾರ್ಗವಾಗಿ ಜುಲೈ 25ರಂದು ಕೆನಡಾದ ವ್ಯಾಂಕೂವರ್ ಬಂದರಿನಲ್ಲಿ ಇಳಿದರು. ಅಲ್ಲಿಂದ ರೈಲು ಹಿಡಿದು ಶಿಕಾಗೋ ಸೇರಿದರು. ಭಾರತದ ಪ್ರವಾಸಿಗೆ ಆಗ ವೀಸಾ ಎಂಬುದು ಬೇಕಿರಲಿಲ್ಲ. ವ್ಯಾಂಕೂವರ್ ಎಂಬ ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮತ್ತೆ ಬರುತ್ತದೆ.

ಬೆರಳಚ್ಚು

ಅಮೆರಿಕದ ವೀಸಾಕ್ಕೆ ಹೋದವರಿಗೆ ಹತ್ತೂ ಬೆರಳುಗಳ ಅಚ್ಚು ಕೊಟ್ಟ ಅನುಭವ ಇರುತ್ತದೆ. ಯುರೋಪಿನ ಷೆಂಗೆನ್ ವೀಸಾಕ್ಕೂ ಭಾರತದಲ್ಲಿ 2015ರ ನವೆಂಬರಿನಿಂದ ಇದು ಕಡ್ಡಾಯ. ಯಂತ್ರ ಹೊಸದು, ಆದರೆ ವಿದ್ಯೆ ಬಂಗಾಳದಲ್ಲಿ ಬೆಳೆದದ್ದು. 1858ರಲ್ಲಿ ಹೂಗ್ಲಿಯ ಕಡೆ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ ಒಬ್ಬ ಗುತ್ತಿಗೆದಾರನಿಂದ ಕರಾರು ಪತ್ರದ ಮೇಲೆ ಕೈಯಚ್ಚು ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅಚ್ಚುಗಳನ್ನು ವಿಂಗಡಿಸಿ ಹುಡುಕುವ ಕ್ರಮವನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯ ಪೊಲೀಸ್ ನೌಕರರ ಬುದ್ಧಿ ಇತ್ತು. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಈ ಹೆನ್ರಿ 1900ರಲ್ಲಿ ದಕ್ಷಿಣ ಆಫ್ರಿಕಕ್ಕೂ ಹೋಗಿ ಅಲ್ಲಿಯ ಪೊಲೀಸ್ ವ್ಯವಸ್ಥೆ ಕಟ್ಟಲು ನೆರವಾದ.

ಅದೇ ದಕ್ಷಿಣ ಆಫ್ರಿಕದಲ್ಲಿ ಈ ವಿದ್ಯೆ ಭಾರತೀಯರ ಮೇಲೆಯೇ ತಿರುಗಿತು. ಟ್ರಾನ್ಸ್‌ವಾಲಿನಲ್ಲಿರುವ ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಪತ್ರ ಪಡೆಯಬೇಕು, ಕೇಳಿದಾಗ ತೋರಿಸಬೇಕು ಎಂಬ ಕಾಯಿದೆ 1907ರಲ್ಲಿ ಜಾರಿಗೆ ಬಂತು. ಅದರ ಕರಡು ಬಂದಾಗಲೇ, 1906ರ ಸೆಪ್ಟೆಂಬರ್ 11ರಂದು, ಜೊಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಭಾರತೀಯರು ಸಭೆ ಸೇರಿ ಇದಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದರು. 1908ರ ಆಗಸ್ಟ್ 16ರಂದು ಹಮೀದಿಯಾ ಮಸೀದಿಯ ಆವರಣದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಕೊಪ್ಪರಿಗೆಯಲ್ಲಿ ಹಾಕಿ ಸುಟ್ಟರು.

ಅಷ್ಟಕ್ಕೇ ಮುಗಿಯಲಿಲ್ಲ. 1913ರ ನವೆಂಬರ್ 6ರಂದು ಗಾಂಧೀಜಿ ಎರಡು ಸಾವಿರಕ್ಕೂ ಮಿಕ್ಕಿದ ಗಣಿ ಕೂಲಿಗಳನ್ನೂ ಅವರ ಹೆಂಗಸರು ಮಕ್ಕಳನ್ನೂ ಕರೆದುಕೊಂಡು ನಟಾಲಿನಿಂದ ಟ್ರಾನ್ಸ್‌ವಾಲಿನ ಗಡಿಯನ್ನು ಪರವಾನಗಿ ಇಲ್ಲದೆ ದಾಟಿದರು. ಕಸ್ತೂರಬಾ ಅವರು ಅದಕ್ಕೂ ಮೊದಲೇ, ಸೆಪ್ಟೆಂಬರಿನಲ್ಲಿ, ಹಾಗೆಯೇ ಗಡಿ ದಾಟಿ ಜೈಲಿಗೆ ಹೋಗಿದ್ದರು. ಸತ್ಯಾಗ್ರಹ ಎಂದ ಕೂಡಲೇ ನಮ್ಮ ಮಕ್ಕಳಿಗೆ ಉಪ್ಪು ನೆನಪಾಗುತ್ತದೆ. ಆದರೆ ಅದು ಹುಟ್ಟಿದ್ದು ಗಡಿ ದಾಟುವ ಕಾಗದದ ವಿಷಯದಲ್ಲಿ.

ಬ್ಯಾಂಕ್ ಬ್ಯಾಲೆನ್ಸ್ ಮತ್ತು ಟಿಕೆಟ್

ಪ್ರವಾಸಿ ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಹೋಗುವ ಬರುವ ಟಿಕೆಟ್ ಕೇಳುತ್ತಾರೆ. ಬರುವವನು ತನ್ನ ಖರ್ಚಿಗೆ ಹಣ ಇಟ್ಟುಕೊಂಡಿದ್ದಾನೋ, ಹಿಂತಿರುಗಿ ಹೋಗುತ್ತಾನೋ ಎಂದು ಕೇಳುವುದು ತಪ್ಪಲ್ಲ ಎನಿಸಬಹುದು. ಆದರೆ ಹಣ ಮತ್ತು ಟಿಕೆಟ್ ಎಂಬ ಎರಡು ನೆಪಗಳಿಂದ ಒಂದು ಹಡಗನ್ನೇ ಹಿಂದಕ್ಕೆ ಅಟ್ಟಿದ ಕತೆ ಚರಿತ್ರೆಯಲ್ಲಿದೆ.

1908ರಲ್ಲಿ ಕೆನಡಾ ಒಂದು ನಿಯಮ ಮಾಡಿತು. ವಲಸೆ ಬರುವವನು ಹುಟ್ಟಿದ ಅಥವಾ ಪ್ರಜೆಯಾಗಿರುವ ದೇಶದಿಂದ ನಡುವೆ ಎಲ್ಲೂ ಪ್ರಯಾಣ ಮುರಿಯದೆ, ಅಲ್ಲೇ ಕೊಂಡ ಟಿಕೆಟಿನಲ್ಲಿ ನೇರವಾಗಿ ಬರಬೇಕು. ನಿಯಮದಲ್ಲಿ 'ಭಾರತೀಯ' ಎಂಬ ಶಬ್ದವೇ ಇಲ್ಲ. ಆದರೆ ಭಾರತದಿಂದ ಕೆನಡಾಕ್ಕೆ ನೇರ ಹಡಗೇ ಓಡುತ್ತಿರಲಿಲ್ಲ! ಜತೆಗೆ, ಏಷ್ಯಾದಿಂದ ಬರುವವನ ಕೈಯಲ್ಲಿ 200 ಡಾಲರ್ ಇರಬೇಕೆಂದರು. ಕೂಲಿಯವನಿಗೆ ಅದು ಕಾಣಲಾಗದ ಮೊತ್ತ. ಈ ಜಾಣತನದ ಪಾಠವನ್ನು ನಟಾಲ್ ಮೊದಲೇ ಕಲಿಸಿತ್ತು. ಅಲ್ಲಿ 1897ರಲ್ಲಿ ಬಂದ ಕಾಯಿದೆಯಲ್ಲೂ ಯಾವ ಜನಾಂಗದ ಹೆಸರೂ ಇಲ್ಲ, ಯುರೋಪಿನ ಯಾವುದಾದರೂ ಒಂದು ಭಾಷೆಯಲ್ಲಿ ಅರ್ಜಿ ಬರೆಯಲು ಬರಬೇಕು ಎಂದಷ್ಟೇ. ತಮಿಳು, ತೆಲುಗು, ಕನ್ನಡ ಎಷ್ಟು ಓದಿದ್ದರೂ ಅವನು ಅಲ್ಲಿ ಅನಕ್ಷರಸ್ಥ.

1914ರಲ್ಲಿ ಗುರುದಿತ್ ಸಿಂಗ್ ಎಂಬವರು 'ಕೊಮಗಾತ ಮಾರು' ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಪಡೆದು, ಈ ನಿಯಮವನ್ನು ಪರೀಕ್ಷಿಸಿಯೇ ಬಿಡುವುದೆಂದು ಏಪ್ರಿಲ್ 4ರಂದು ಹಾಂಗ್‌ಕಾಂಗಿನಿಂದ ಹೊರಟರು. ಶಾಂಘಾಯಿ, ಯೊಕೊಹಾಮಾಗಳಲ್ಲಿಯೂ ಜನ ಹತ್ತಿದರು. ಒಟ್ಟು 376 ಪ್ರಯಾಣಿಕರು, ಹೆಚ್ಚಿನವರು ಸಿಖ್ಖರು. ಮೇ 23ರಂದು ಹಡಗು ಬಂದು ಮುಟ್ಟಿದ್ದು ವ್ಯಾಂಕೂವರಿಗೆ. ಎರಡು ತಿಂಗಳು ಅದು ಬಂದರಿನಲ್ಲೇ ನಿಂತಿತು. ಮೊದಲೇ ಅಲ್ಲಿ ನೆಲೆಸಿದ್ದವರು ಎಂಬಂಥ ಕಾರಣಕ್ಕೆ 24 ಮಂದಿಯನ್ನು ಮಾತ್ರ ಇಳಿಸಿಕೊಂಡರು. ಉಳಿದವರಿಗೆ ಊಟ ನೀರಿಗೂ ಕಷ್ಟವಾಯಿತು. ಕೊನೆಗೆ ಯುದ್ಧನೌಕೆಯನ್ನು ಎದುರು ನಿಲ್ಲಿಸಿ ಜುಲೈ 23ರಂದು ಹಡಗನ್ನು ಹಿಂದೆ ಕಳುಹಿಸಿದರು. ವಿವೇಕಾನಂದರು ಅದೇ ವ್ಯಾಂಕೂವರಿನಲ್ಲಿ ಇಳಿದು ಆಗ ಇಪ್ಪತ್ತೊಂದು ವರ್ಷಕ್ಕೆ ಎರಡೇ ದಿನ ಕಡಿಮೆ.

ಹಡಗು ಸೆಪ್ಟೆಂಬರಿನಲ್ಲಿ ಕಲ್ಕತ್ತೆಯ ಬಳಿಯ ಬಜ್‌ಬಜ್ ತಲುಪಿದಾಗ ಬ್ರಿಟಿಷ್ ಸರಕಾರ ಪ್ರಯಾಣಿಕರನ್ನು ಬಲವಂತವಾಗಿ ಪಂಜಾಬಿನ ರೈಲಿಗೆ ಹತ್ತಿಸಹೊರಟಿತು. ಸೆಪ್ಟೆಂಬರ್ 29ರಂದು ಅಲ್ಲಿ ಗುಂಡು ಹಾರಿ ಸುಮಾರು ಇಪ್ಪತ್ತು ಮಂದಿ ಸತ್ತರು. 2016ರ ಮೇ 18ರಂದು ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಇದಕ್ಕಾಗಿ ಕ್ಷಮೆ ಕೇಳಿದರು. 102 ವರ್ಷ ಬೇಕಾಯಿತು.

ಫೋಟೋ ಮತ್ತು 32 ಪುಟ

1914ರ ಜುಲೈ ಕೊನೆಯಲ್ಲಿ ಮೊದಲನೇ ಮಹಾಯುದ್ಧ ಶುರುವಾದ ಮೇಲೆ ದೇಶ ದೇಶಗಳ ಗಡಿಬಾಗಿಲು ಮುಚ್ಚಿತು. ಶತ್ರುವಿನ ಗೂಢಚಾರ ಬಂದಾನೆಂಬ ಭಯ ಎಲ್ಲರಿಗೂ. ಭಯ ಸುಳ್ಳೂ ಅಲ್ಲ. ಕಾರ್ಲ್ ಲೋಡಿ ಎಂಬ ಜರ್ಮನ್ ಗೂಢಚಾರ ಒಬ್ಬ ಅಮೆರಿಕನ್ನನ ನಿಜವಾದ ಪಾಸ್‌ಪೋರ್ಟ್ ಹಿಡಿದುಕೊಂಡು ಬ್ರಿಟನ್ನಿನಲ್ಲಿ ತಿರುಗಾಡಿ ಸಿಕ್ಕಿಬಿದ್ದ. 1914ರ ನವೆಂಬರಿನಲ್ಲಿ ಲಂಡನ್ ಟವರಿನಲ್ಲಿ ಅವನಿಗೆ ಗುಂಡಿಟ್ಟರು. ಫೋಟೋ ಇಲ್ಲದ ಕಾಗದವನ್ನು ಯಾರು ಬೇಕಾದರೂ ಹಿಡಿಯಬಹುದಲ್ಲ. ಬ್ರಿಟನ್ 1915ರ ಹೊಸ ಪಾಸ್‌ಪೋರ್ಟಿನಲ್ಲಿ ಫೋಟೋ ಅಂಟಿಸುವುದನ್ನೂ ಮುಖಲಕ್ಷಣ ಬರೆಯುವುದನ್ನೂ ತಂದಿತು. ಭಾರತದಲ್ಲೂ ಯುದ್ಧಕಾಲದ ಡಿಫೆನ್ಸ್ ಆಫ್ ಇಂಡಿಯಾ ನಿಯಮಗಳಡಿ ಪಾಸ್‌ಪೋರ್ಟ್ ಕಡ್ಡಾಯವಾಯಿತು.

ಯುದ್ಧ ಮುಗಿದರೆ ಇದೂ ಮುಗಿಯುತ್ತದೆ ಎಂದು ಜನ ತಿಳಿದಿದ್ದರು. ಮುಗಿಯಲಿಲ್ಲ. 1920ರ ಅಕ್ಟೋಬರಿನಲ್ಲಿ ರಾಷ್ಟ್ರಸಂಘವು ಪ್ಯಾರಿಸಿನಲ್ಲಿ ಈ ಕುರಿತೇ ಸಮ್ಮೇಳನ ನಡೆಸಿತು. ಪಾಸ್‌ಪೋರ್ಟನ್ನು ತೆಗೆದೇ ಹಾಕಬೇಕೆಂಬ ಆಸೆ ಸಭೆಯಲ್ಲಿತ್ತು. ಆದರೆ ಅದಕ್ಕೆ ಕಾಲ ಕೂಡಿಬಂದಿಲ್ಲ, ಸದ್ಯಕ್ಕೆ ಎಲ್ಲರದೂ ಒಂದೇ ನಮೂನೆಯಲ್ಲಿರಲಿ ಎಂದು ತೀರ್ಮಾನಿಸಿ 32 ಪುಟಗಳ ರಟ್ಟಿನ ಹೊದಿಕೆಯ ಪುಸ್ತಕವನ್ನು ಸೂಚಿಸಿದರು. 'ಸದ್ಯಕ್ಕೆ' ಎಂದದ್ದು ನೂರು ದಾಟಿತು. ಭಾರತಕ್ಕೆ ಬರುವವರ ಪಾಸ್‌ಪೋರ್ಟ್ ಕಾಯಿದೆ ಆದದ್ದೂ ಅದೇ 1920ರಲ್ಲಿ.

ಎಲ್ಲ ಕಡೆಯೂ ಪುಸ್ತಕ ಬೇಕೆಂದಾದಾಗ ಪುಸ್ತಕ ಕೊಡಲು ದೇಶವೇ ಇಲ್ಲದವರ ಪಾಡೇನು? ರಷ್ಯಾದ ಕ್ರಾಂತಿಯಲ್ಲಿ ಊರು ಬಿಟ್ಟ ಲಕ್ಷಾಂತರ ಜನ ಹೀಗೆ ಅತಂತ್ರರಾದರು. ನಾರ್ವೆಯ ಧ್ರುವಯಾತ್ರಿ ಫ್ರಿಜಾಫ್ ನಾನ್ಸೆನ್ ರಾಷ್ಟ್ರಸಂಘದ ಪರವಾಗಿ 1922ರಲ್ಲಿ ಅವರಿಗೊಂದು ಗುರುತುಪತ್ರ ಮಾಡಿಸಿಕೊಟ್ಟರು. ಅದೇ ನಾನ್ಸೆನ್ ಪಾಸ್‌ಪೋರ್ಟ್. ಚಿತ್ರಕಾರ ಷಗಾಲ್, ಸಂಗೀತಗಾರ ಸ್ಟ್ರಾವಿನ್‌ಸ್ಕಿ ಅದನ್ನು ಹಿಡಿದೇ ಬದುಕು ಕಟ್ಟಿಕೊಂಡರು.

'ಬರುವ ಉದ್ದೇಶ'

ಅರ್ಜಿಯಲ್ಲಿ ಇನ್ನೊಂದು ಕಾಲಂ: ಬರುವ ಉದ್ದೇಶವೇನು? ಪ್ರವಾಸವೋ, ಬಂಧುಗಳ ಭೇಟಿಯೋ, ಕೆಲಸವೋ? ಈ ಸಾಮಾನ್ಯ ಪ್ರಶ್ನೆ ನಮ್ಮ ದೇಶದಲ್ಲಿ ಕರುಳು ಹಿಂಡಿದ್ದು ವಿಭಜನೆಯ ಬಳಿಕ. 1947ರಲ್ಲಿ ಗೆರೆ ಎಳೆದ ಕೂಡಲೇ ವೀಸಾ ಬರಲಿಲ್ಲ. 1948ರ ಜುಲೈಯಲ್ಲಿ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಪದ್ಧತಿ ಬಂತು. 1952ರ ಅಕ್ಟೋಬರ್ 15ರಿಂದ ಎರಡೂ ದೇಶಗಳ ನಡುವೆ ಪಾಸ್‌ಪೋರ್ಟ್, ವೀಸಾ. ಅಂದಿನಿಂದ ತವರಿಗೆ ಬಂದ ಮಗಳು 'ಸಂದರ್ಶಕಿ' ಆದಳು, ಅಪ್ಪನ ಗೋರಿ ನೋಡಲು ಬಂದ ಮಗ 'ವಿದೇಶಿ' ಆದ. ಅದೇ ಕಾಲದಲ್ಲಿ 1950ರ ಒಪ್ಪಂದದಿಂದ ಭಾರತ ಮತ್ತು ನೇಪಾಳದ ನಡುವೆ ವೀಸಾ ಇಲ್ಲದ ಓಡಾಟ ಉಳಿಯಿತು. ಗಡಿ ಎಂದರೆ ಹೀಗೇ ಇರಬೇಕೆಂದೇನೂ ಇಲ್ಲ, ಇಬ್ಬರೂ ಮನಸ್ಸು ಮಾಡಿದರೆ ಬೇರೆ ರೀತಿಯಲ್ಲೂ ಇಡಬಹುದು ಎಂಬುದಕ್ಕೆ ನೇಪಾಳದ ಗಡಿಯೇ ಸಾಕ್ಷಿ.

ಹೊರಡುವ ಹಕ್ಕು

ಇಲ್ಲಿಯವರೆಗೆ ಹೇಳಿದ್ದು ಒಳಗೆ ಬಿಡುವವರ ಕತೆ. ಹೊರಗೆ ಬಿಡುವವರ ಕತೆಯೂ ಇದೆ. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷವಾದರೂ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರಕಾರದ ಮರ್ಜಿ ಎಂಬಂತಿತ್ತು. ಕೊಡಲು ಕಾಯಿದೆಯೂ ಇರಲಿಲ್ಲ, ಕೊಡದಿದ್ದರೆ ಕಾರಣ ಕೇಳುವಂತೆಯೂ ಇರಲಿಲ್ಲ.

ಇದನ್ನು ಪ್ರಶ್ನಿಸಿ ಜನ ಕೋರ್ಟಿಗೆ ಹೋದರು. ನಮಗೆ ಸಂತೋಷ ಕೊಟ್ಟ ಸಂಗತಿಯೆಂದರೆ, 1965ರಲ್ಲಿ ಕೇರಳ ಹೈಕೋರ್ಟೂ ಮೈಸೂರು ಹೈಕೋರ್ಟೂ ಬೇರೆ ಬೇರೆ ಮೊಕದ್ದಮೆಗಳಲ್ಲಿ ಒಂದೇ ಮಾತು ಹೇಳಿದವು: ವಿದೇಶಕ್ಕೆ ಹೋಗುವುದು ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ. ಮುಂಬಯಿ ಹೈಕೋರ್ಟೂ ಹಾಗೆಯೇ ಹೇಳಿತು, ದೆಹಲಿಯದು ಒಪ್ಪಲಿಲ್ಲ. ಕೊನೆಗೆ ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಮೊಕದ್ದಮೆಯಲ್ಲಿ 1967ರ ಏಪ್ರಿಲ್ 10ರಂದು ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರ ಪೀಠ ಮೂರಕ್ಕೆ ಎರಡರ ಬಹುಮತದಿಂದ ತೀರ್ಪು ಕೊಟ್ಟಿತು: ಸಂವಿಧಾನದ 21ನೇ ವಿಧಿಯಡಿ ಇದು ಹಕ್ಕು, ಕಾಯಿದೆ ಇಲ್ಲದೆ ಸರಕಾರ ಇದನ್ನು ತಡೆಯುವಂತಿಲ್ಲ. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದ್ದರೆ ಕತೆಯೇ ಬೇರೆ! ಅದೇ ಜೂನ್ 24ರಂದು ಪಾಸ್‌ಪೋರ್ಟ್ ಕಾಯಿದೆ ಬಂತು. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಮೇಲ್ಮನವಿಗೆ ಅವಕಾಶ ಇರಬೇಕು ಎಂದಾಯಿತು.

ಹತ್ತು ವರ್ಷದ ಮೇಲೆ, 1977ರ ಜುಲೈಯಲ್ಲಿ, ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರಕಾರ ವಶಪಡಿಸಿಕೊಂಡು, ಕಾರಣ ಕೇಳಿದಾಗ ಹೇಳುವುದಿಲ್ಲ ಎಂದಿತು. 1978ರ ಜನವರಿ 25ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸ್ವಾತಂತ್ರ್ಯವನ್ನು ಕಸಿಯುವ ಕ್ರಮ ಕಾಯಿದೆಯಲ್ಲಿದ್ದರೆ ಸಾಲದು, ಅದು ನ್ಯಾಯವಾಗಿಯೂ ಸಮಂಜಸವಾಗಿಯೂ ಇರಬೇಕು ಎಂದಿತು. ಮುಂದೆ ಜೀವಿಸುವ ಹಕ್ಕಿನ ಕುರಿತು ಬಂದ ಎಷ್ಟೋ ತೀರ್ಪುಗಳಿಗೆ ಈ ಪಾಸ್‌ಪೋರ್ಟ್ ತೀರ್ಪೇ ಅಡಿಗಲ್ಲು.

1983ರ ಎಮಿಗ್ರೇಶನ್ ಕಾಯಿದೆ ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು. ಓದು ಕಡಿಮೆ ಇರುವ ಕೆಲಸಗಾರರು ಗಲ್ಫಿನಂಥ ಕಡೆಗಳಲ್ಲಿ ಮೋಸ ಹೋಗಬಾರದೆಂದು, ಅವರು ಕೆಲಸಕ್ಕೆ ಹೊರಡುವ ಮೊದಲು ಸರಕಾರದ ಅನುಮತಿ ಬೇಕೆಂದು ಮಾಡಿದರು. ಮುಂದೆ ಹತ್ತನೇ ತರಗತಿ ಪಾಸಾದವರನ್ನು ಈ ತಡೆಯಿಂದ ಬಿಟ್ಟರು. ಆ ಪಾಸು ಕನ್ನಡ ಮಾಧ್ಯಮದ್ದಾದರೂ ಆದೀತು. ನಟಾಲಿನಲ್ಲಿ ಬೆಲೆಯಿಲ್ಲದ ನಮ್ಮ ಭಾಷೆಯ ಓದು ಇಲ್ಲಿ ಬಾಗಿಲು ತೆರೆಸಿತು.

ಹುಡುಗಿಗೆ ಕೊಟ್ಟ ಉತ್ತರ

ಇಷ್ಟನ್ನು ಓದಿಕೊಂಡ ಮೇಲೆ ಆ ಹುಡುಗಿಗೆ ನಾವು ಹೇಳಿದ್ದು ಇಷ್ಟು. ಪ್ರಯಾಣಕ್ಕೆ ಎರಡು ಬಾಗಿಲು. ನಮ್ಮ ಮನೆಯ ಬಾಗಿಲಿನಿಂದ ಹೊರಗೆ ಹೋಗುವುದು ನಮ್ಮ ಹಕ್ಕು, ಅದನ್ನು ಕೋರ್ಟಿನಲ್ಲಿ ಗೆದ್ದುಕೊಂಡಿದ್ದೇವೆ. ಆದರೆ ಇನ್ನೊಬ್ಬರ ಮನೆಯ ಬಾಗಿಲು ಅವರದು. ವೀಸಾ ಇದ್ದರೂ ಒಳಗೆ ಬಿಡುವುದು ಗಡಿಯಲ್ಲಿ ಕುಳಿತ ಅಧಿಕಾರಿಯ ಕೈಯಲ್ಲೇ ಇದೆ. ಆ ಬಾಗಿಲಿನ ನಿಯಮಗಳನ್ನು ಯಾರೂ ಒಂದೇ ದಿನ ಕುಳಿತು ಬರೆದದ್ದಲ್ಲ. ಯುದ್ಧದ ಭಯ, ಬಣ್ಣದ ಅಸೂಯೆ, ಬಡವನ ಮೇಲಿನ ಸಂಶಯ, ನಿಜವಾದ ಎಚ್ಚರ ಎಲ್ಲವೂ ಒಂದರ ಮೇಲೊಂದು ಕುಳಿತು ಈ ಅರ್ಜಿಯಾಗಿದೆ. ನಿನ್ನ ಅಮ್ಮನ ಒಂಟಿ ಹೆಸರಿನಿಂದ ಯಾರಿಗೂ ತೊಂದರೆ ಇಲ್ಲ. ಎಲ್ಲರಿಗೂ ಎರಡು ಹೆಸರಿರುತ್ತದೆ ಎಂದುಕೊಂಡವರು ಮಾಡಿದ ನಮೂನೆಯಲ್ಲಿ ಅವರಿಗೆ ಜಾಗ ಇರಲಿಲ್ಲ, ಅಷ್ಟೆ.

ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ರಸ್ತೆ ಮುಚ್ಚಿ, ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ರೋಗಿಗಳು ಸತ್ತ ದಿನಗಳು ನೆನಪಿವೆ. 2021ರಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಕೊರೋನಾ ಪರೀಕ್ಷೆಯ ಚೀಟಿ ಹಿಡಿದು ಸಾಲು ನಿಂತದ್ದೂ ನೆನಪಿದೆ. ಒಂದೇ ದೇಶದೊಳಗೆ ಎಲ್ಲಿ ಬೇಕಾದರೂ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದ್ದರೂ ಹಾಗಾಯಿತು. ಗಡಿ ಎಂಬುದು ನಕಾಶೆಯ ಗೆರೆಯಲ್ಲ, ಒಂದು ಬೆಳಗ್ಗೆ ಬಂದು ನಿಲ್ಲುವ ಪ್ರಶ್ನೆ ಎಂದು ನಾವು ಕಂಡಿದ್ದೇವೆ.

ಹೆತ್ತವರಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ಒಂದು ವಿನಂತಿ. ಶಾಲೆಗೆ ಸೇರಿಸುವ ದಿನ ನಾವು ರಿಜಿಸ್ಟರಿನಲ್ಲಿ ಬರೆಯುವ ಹೆಸರೇ ಮುಂದೆ ಎಸ್ಸೆಸ್ಸೆಲ್ಸಿ ಪುಸ್ತಕಕ್ಕೂ ಅಲ್ಲಿಂದ ಪಾಸ್‌ಪೋರ್ಟಿಗೂ ಹೋಗುತ್ತದೆ. ಇನಿಶಿಯಲ್ ಇದ್ದರೆ ಅದರ ಪೂರ್ಣ ರೂಪವನ್ನೂ ಬರೆಸಿ. ಜನನ ಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ಇರಲಿ. ಕನ್ನಡದ ಹೆಸರು ಮಲೆಯಾಳದ ಉಚ್ಚಾರಣೆಯ ಮೂಲಕ ಇಂಗ್ಲಿಷಿಗೆ ಹೋಗುವಾಗ ಅಕ್ಷರ ತಪ್ಪುವುದು ನಮ್ಮಲ್ಲಿ ಮಾಮೂಲು. ಹೊರಡುವ ಮೊದಲು ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇದೆಯೇ ನೋಡಿ, ಆ ದೇಶದ ನಿಯಮವನ್ನು ಹೊರಡುವ ವಾರ ಇನ್ನೊಮ್ಮೆ ವಿಚಾರಿಸಿ.

ಆ ತಾಯಿ ಮರುವರ್ಷ ದುಬಾಯಿಗೆ ಹೋಗಿ ಬಂದರು. ಹೊಸ ಪಾಸ್‌ಪೋರ್ಟಿನಲ್ಲಿ ಹೆಸರಿನ ಮುಂದೆ ಗಂಡನ ಮನೆತನದ ಹೆಸರು ಸೇರಿದೆ. "ಅದು ಯಾರ ಹೆಸರು ಅಂತ ಕರೆದಾಗ ನಂಗೆ ಗೊತ್ತೇ ಆಗಲಿಲ್ಲ ಮಾಷ್ಟ್ರೇ" ಎಂದು ನಗುತ್ತಾ ಹೇಳಿದರು. ಈ ಸಲ ಹಪ್ಪಳದ ಕಟ್ಟು ಮಗನಿಗೆ ತಲುಪಿತು.